ವೈರ್ ಕೀಳದ ಶಹಾತಾ

ನಾನು ಹುಟ್ಟಿದ್ದು, ಬೆಳೆದದ್ದು, ಹೊಟ್ಟೆ ಹೊರೆದದ್ದು ಎಲ್ಲ ಈ ಓಣಿಯಲ್ಲೇ. ಆದರೂ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವಾಗ ನನಗೆ ಮೊದಲು ಬರುವುದು ವಾಕರಿಕೆ. ದಮನ್‌ಹೂರ್ ಪಟ್ಟಣದ ರೈಲು ಹಳಿಯ ಆಚೆ, ಕಾಲುವೆಯ ದಂಡೆಗೆ ಅಂಟಿಕೊಂಡಂತೆ ಇರುವ ಓಣಿ ಇದು. ಎರಡೂ ಕಡೆ ಕಾರು ರಿಪೇರಿಯ ಅಂಗಡಿಗಳು. ನೆಲ ವರ್ಷಗಟ್ಟಲೆ ಎಣ್ಣೆ ಕುಡಿದು ಕಪ್ಪಾಗಿ ಚಪ್ಪಲಿಗೆ ಅಂಟುತ್ತದೆ. ಹಳೆಯ ಬ್ಯಾಟರಿಗಳ ಆಸಿಡ್ಡನ್ನು ಎಲ್ಲರೂ ಕಾಲುವೆಗೇ ಸುರಿಯುತ್ತಾರೆ. ಅದೇ ನೀರಿನಲ್ಲಿ ಸ್ವಲ್ಪ ಕೆಳಗೆ ಒಬ್ಬ ಹೆಂಗಸು ಸೊಪ್ಪು ತೊಳೆದು ಮಾರುತ್ತಾಳೆ. ಆ ಸೊಪ್ಪನ್ನೇ ನಾವು ಮಧ್ಯಾಹ್ನ ರೊಟ್ಟಿಯ ಜೊತೆ, ಬೇಯಿಸಿದ ಅವರೆಯ ಜೊತೆ ತಿನ್ನುತ್ತೇವೆ. ಗೊತ್ತಿದ್ದೇ ತಿನ್ನುತ್ತೇವೆ. ಥೂ.

ನನ್ನ ಹೆಸರು ಅಯ್ಯೂಬ್. ಸುಟ್ಟುಹೋದ ಡೈನಮೊಗಳಿಗೆ ಹೊಸ ತಾಮ್ರದ ತಂತಿ ಸುತ್ತುವುದು ನನ್ನ ಕಸುಬು. ಈಗಿನ ಕಾರುಗಳಲ್ಲಿ ಬ್ಯಾಟರಿಗೆ ಕರೆಂಟು ತುಂಬುವ ಆ ಯಂತ್ರಕ್ಕೆ ಆಲ್ಟರ್ನೇಟರ್ ಎಂದು ಹೆಸರಂತೆ. ನಮ್ಮ ಓಣಿಯಲ್ಲಿ ಅದು ಇವತ್ತಿಗೂ ಡೈನಮೊ. ತಂತಿಯ ಮೇಲೆ ಬಳಿದ ವಾರ್ನಿಷ್ ಸುಟ್ಟರೆ ಒಂದು ವಾಸನೆ ಬರುತ್ತದೆ. ಒಮ್ಮೆ ಮೂಗಿಗೆ ಹತ್ತಿದರೆ ಸಾಯುವ ತನಕ ಮರೆಯುವಂಥದ್ದಲ್ಲ. ನಾನು ಬಗ್ಗಿ, ಮೂಸಿ, "ಸುಟ್ಟಿದೆ" ಎಂದರೆ ಓಣಿಗೆ ಓಣಿಯೇ ಒಪ್ಪುತ್ತಿತ್ತು. ಇಪ್ಪತ್ತೈದು ವರ್ಷ ನನ್ನ ಮೂಗೇ ಇಲ್ಲಿಯ ಕೋರ್ಟು. ಆ ಮೂಗಿನ ಮಾನ ಹೇಗೆ ಹೋಯಿತೆಂದು ಹೇಳಲೇಬೇಕು. ಆದರೆ ನಾನು ಹೇಳಹೊರಟಿರುವುದು ಶಹಾತಾನ ಕಥೆ.

ಶಹಾತಾ ನನ್ನ ಎದುರು ಅಂಗಡಿಯವನು, ಕಾರುಗಳ ಎಲೆಕ್ಟ್ರಿಷಿಯನ್. ಐವತ್ತರ ಆಸುಪಾಸು, ಸಣಕಲು ಮೈ. ಈ ಹೊಲಸಿನ ನಡುವೆಯೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುತ್ತಿದ್ದ. ಅದನ್ನು ಕಂಡರೇ ನನಗೆ ಮೈ ಉರಿಯುತ್ತಿತ್ತು. ನಾವೆಲ್ಲ ಹಂದಿಗಳು, ಇವನೊಬ್ಬ ಮನುಷ್ಯ ಎಂದು ಹೇಳುವಂತಿತ್ತು ಆ ಅಂಗಿ. ಮಾತು ಕಡಿಮೆ. ಆಡಿದರೆ ಅರ್ಧ ಮಾತು "ಗೊತ್ತಿಲ್ಲ" ಎಂಬುದೇ. "ಏನಾಗಿದೆ ಉಸ್ತಾ?" ಎಂದು ಗಿರಾಕಿ ಕೇಳಿದರೆ "ಇನ್ನೂ ಗೊತ್ತಿಲ್ಲ, ನೋಡ್ತೀನಿ" ಎನ್ನುವವನು. ಉಸ್ತಾ ಎಂದರೆ ಮೇಸ್ತ್ರಿ. ಕೇಳಿದ ತಕ್ಷಣ ಒಂದು ಕಾಯಿಲೆಯ ಹೆಸರು ಹೇಳದ ಉಸ್ತಾನನ್ನು ಯಾರು ನಂಬುತ್ತಾರೆ?

ಅವನು ಮೊದಲು ಕೆಲಸಕ್ಕಿದ್ದದ್ದು ಹಾಜಿ ದಸೂಕಿಯ ಹತ್ತಿರ. ಹಾಜಿ ದಸೂಕಿ ಎಂದರೆ ಓಣಿಯ ದೊಡ್ಡ ಎಲೆಕ್ಟ್ರಿಷಿಯನ್, ದೊಡ್ಡ ಹೊಟ್ಟೆ, ದೊಡ್ಡ ಗಂಟಲು. ದಿನವಿಡೀ ಕುಂಬಳದ ಬೀಜ ಜಗಿದು ಸಿಪ್ಪೆಯನ್ನು ಗಿರಾಕಿಯ ಇಂಜಿನ್ನಿನ ಮೇಲೆಯೇ ಉಗಿಯುತ್ತಾನೆ. ಅವನ ಹೆಸರು ನಿಂತಿರುವುದು ಒಂದೇ ಒಂದು ಆಟದ ಮೇಲೆ. ಗಿರಾಕಿಯ ಕಾರನ್ನು ಚಾಲೂ ಮಾಡಿಸುತ್ತಾನೆ. ಬ್ಯಾಟರಿಯ ವೈರಿನ ನಟ್ಟು ಸಡಿಲಿಸುತ್ತಾನೆ. ಸುತ್ತ ನಿಂತವರ ಕಡೆ ತಿರುಗಿ, ಅಂಗೈಗೆ ಉಗಿದುಕೊಂಡು, "ದೇವ್ರೇ, ಸಲೀಸು ಮಾಡಪ್ಪಾ" ಎಂದು, ಓಡುತ್ತಿರುವ ಇಂಜಿನ್ನಿನಿಂದ ಬ್ಯಾಟರಿಯ ವೈರನ್ನು ಒಂದೇ ಏಟಿಗೆ ಕಿತ್ತು ಮೇಲೆತ್ತಿ ಹಿಡಿಯುತ್ತಾನೆ. ಇಂಜಿನ್ ನಿಲ್ಲದಿದ್ದರೆ ಜನ "ಆಹಾ" ಎನ್ನುತ್ತಾರೆ. ಹಾಜಿ "ಡೈನಮೊ ಸಿಂಹ!" ಎನ್ನುತ್ತಾನೆ. ಇಂಜಿನ್ ನಿಂತರೆ "ಡೈನಮೊ ಸತ್ತಿದೆ" ಎನ್ನುತ್ತಾನೆ. ಅಷ್ಟೇ ಪರೀಕ್ಷೆ.

ಅವನ ಪ್ರಾಯದ ಕಾಲದಲ್ಲಿ ಅದು ನಡೆಯುತ್ತಿತ್ತು. ಆಗಿನ ಕಾರುಗಳಲ್ಲಿ ತಂತಿ, ದೀಪ, ಹಾರ್ನು ಬಿಟ್ಟರೆ ಸುಡುವುದಕ್ಕೆ ಏನೂ ಇರಲಿಲ್ಲ. ಈಗ ಕಾರಿನೊಳಗೆ ಕಂಪ್ಯೂಟರ್ ಬಂದು ಕುಳಿತಿದೆ. ಆದರೆ ನಮ್ಮ ಜನಕ್ಕೆ ಈ ವೈರ್ ಕೀಳುವುದು ಆಣೆ ಇಟ್ಟ ಹಾಗೆ. ಕಣ್ಣೆದುರು ಕಿತ್ತು ತೋರಿಸಿದರೆ ಮಾತ್ರ ಉಸ್ತಾ ಮೋಸ ಮಾಡಿಲ್ಲ ಎಂದು ಅರ್ಥ. ಕಿತ್ತ ಮೇಲೆ ಕಾರು ಕೆಟ್ಟರೆ ಹಾಜಿಯ ಬಾಯಲ್ಲಿ ಉತ್ತರ ಸಿದ್ಧವಾಗಿರುತ್ತಿತ್ತು: "ಮೊದ್ಲೇ ಕಾಯಿಲೆ ಇತ್ತು ಕಣಪ್ಪಾ, ನಾನು ಹೊರಗೆ ತೋರಿಸ್ದೆ ಅಷ್ಟೆ."

ಶಹಾತಾ ಹಾಜಿಯ ಕೈಕೆಳಗೆ ಇದ್ದಾಗ ಅವನಿಗಿಂತ ಚೆನ್ನಾಗಿ ಕೀಳುತ್ತಿದ್ದ. ಹೀಗಿರುವಾಗ ಒಂದು ದಿನ ಕುವೈತಿನಲ್ಲಿ ಹದಿನಾಲ್ಕು ವರ್ಷ ದುಡಿದು ಬಂದ ಒಬ್ಬಾತ ತನ್ನ ಕಾರು ತಂದ. ಶಹಾತಾ ಎಲ್ಲರೆದುರು ವೈರ್ ಕಿತ್ತ. ಟಪ್ ಎಂದು ಒಂದು ಸದ್ದು. ಕಾರಿನ ಮುಂದಿನ ದೀಪಗಳೆಲ್ಲ ಒಮ್ಮೆ ಬೆಳ್ಳಗೆ ಉರಿದು ಆರಿಹೋದವು. ಆಮೇಲೆ ಆ ಕಾರು ಮಿಸುಕಲಿಲ್ಲ. ಹಾಜಿ "ಮೊದ್ಲೇ ಕಾಯಿಲೆ ಇತ್ತು" ಎಂದ. ಆ ಮನುಷ್ಯ ನಂಬಿದ. ಕಣ್ಣೊರೆಸಿಕೊಂಡು ಕಾರನ್ನು ಹಗ್ಗ ಕಟ್ಟಿಸಿ ಎಳೆದುಕೊಂಡು ಹೋದ. ಸಂಜೆ ಶಹಾತಾ ಅವನ ಮನೆ ಹುಡುಕಿಕೊಂಡು ಹೋಗಿ, "ಕಾಯಿಲೆ ಇರ್ಲಿಲ್ಲ, ಸುಟ್ಟಿದ್ದು ನಾನು" ಎಂದು ಹೇಳಿದನಂತೆ. ಆ ಮನುಷ್ಯ ಕೆನ್ನೆಗೆ ಬಾರಿಸಿದ. ಮರುದಿನ ಶಹಾತಾ ಊದಿದ ಕೆನ್ನೆಯಲ್ಲೇ ಬಂದು ತನ್ನ ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬಿಕೊಂಡು ಹಾಜಿಯ ಅಂಗಡಿ ಬಿಟ್ಟ. ನಾವೆಲ್ಲ ಅವನನ್ನು ಹುಚ್ಚ ಎಂದೆವು. ನಾನು ಎಲ್ಲರಿಗಿಂತ ಜೋರಾಗಿ ಹೇಳಿದೆ.

ಆಮೇಲೆ ನನ್ನ ಎದುರಿಗೆ ಒಂದು ಗೂಡಿನಂಥ ಅಂಗಡಿ ಹಿಡಿದ. ಅವನ ಆಸ್ತಿ ಎಂದರೆ ಒಂದು ಮೀಟರು. ಹೆಂಡತಿ ಹತ್ತಿ ತುಂಬಿ ಹೊಲಿದುಕೊಟ್ಟ ಚೀಲದಲ್ಲಿ ಅದನ್ನು ಮಗುವಿನ ಹಾಗೆ ಇಟ್ಟುಕೊಂಡಿದ್ದ. ಅವನ ಪರೀಕ್ಷೆಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಮೊದಲು ಕೈಯ ಉಂಗುರ ತೆಗೆದು ಜೇಬಿಗೆ ಹಾಕುತ್ತಾನೆ. ಇಂಜಿನ್ ನಿಂತಿರುವಾಗಲೇ ಬ್ಯಾಟರಿಗೆ ಮೀಟರಿನ ಎರಡು ಕಡ್ಡಿ ಹಿಡಿಯುತ್ತಾನೆ, ಕೆಂಪು ಪ್ಲಸ್ ಕಡೆಗೆ, ಕಪ್ಪು ಮೈನಸ್ ಕಡೆಗೆ. ಹನ್ನೆರಡೂವರೆ ವೋಲ್ಟ್ ಬರಬೇಕು. ಕಾರು ಚಾಲೂ ಮಾಡಿಸುತ್ತಾನೆ. ಹದಿನಾಲ್ಕರ ಆಸುಪಾಸಿಗೆ ಏರಬೇಕು. ದೀಪ, ಫ್ಯಾನು, ಹಿಂದಿನ ಗಾಜಿನ ಬಿಸಿ, ಎಲ್ಲ ಹಾಕಿಸಿ ಮತ್ತೆ ನೋಡುತ್ತಾನೆ. ಹೆಚ್ಚು ಇಳಿಯಬಾರದು. ಇಂಜಿನ್ ರೇಸ್ ಮಾಡಿಸುತ್ತಾನೆ. ಹದಿನೈದು ದಾಟಬಾರದು. ಬೆಲ್ಟು ಒತ್ತಿ ನೋಡುತ್ತಾನೆ. ಅಷ್ಟರಲ್ಲಿ ಗಿರಾಕಿ ಆಕಳಿಸಿರುತ್ತಾನೆ.

"ಇಷ್ಟೇನಾ? ವೈರ್ ಕಿತ್ತು ತೋರ್ಸು ಉಸ್ತಾ."

"ಕೀಳಲ್ಲ."

"ಯಾಕೆ, ಹೆದ್ರಿಕೇನಾ?"

"ಹೌದು."

ಹೌದಂತೆ! ಗಂಡಸಾದವನು ಓಣಿಯ ನಡುವೆ ನಿಂತು ಹೆದರಿಕೆ ಎಂದು ಒಪ್ಪಿಕೊಂಡರೆ ಗಿರಾಕಿ ನಿಲ್ಲುತ್ತಾನೆಯೇ? ಎದ್ದು ಹಾಜಿಯ ಕಡೆ ಹೋಗುತ್ತಿದ್ದ. ಶಹಾತಾ ಮೀಟರನ್ನು ಚೀಲಕ್ಕೆ ಹಾಕಿ, ಉಂಗುರ ತೊಟ್ಟು, ಗೋಡೆ ನೋಡುತ್ತ ಕುಳಿತುಕೊಳ್ಳುತ್ತಿದ್ದ. ಹನ್ನೊಂದು ವರ್ಷ ಹಾಗೆಯೇ ಕುಳಿತ.

ನನ್ನ ಕಥೆ ಬೇರೆ. ಹಾಜಿ "ಸತ್ತಿದೆ" ಎಂದ ಡೈನಮೊ ನನ್ನ ಮೇಜಿಗೆ ಬರುತ್ತಿತ್ತು. ನಾನು ಮೂಸುತ್ತಿದ್ದೆ. ಎಷ್ಟೋ ಸಲ ಯಾವ ಸುಟ್ಟ ವಾಸನೆಯೂ ಇರುತ್ತಿರಲಿಲ್ಲ. ಹಾಜಿ ಗಿರಾಕಿಯ ಬೆನ್ನ ಹಿಂದೆ ನಿಂತು ನನ್ನನ್ನೇ ನೋಡುತ್ತಿದ್ದ. "ಸುಟ್ಟಿದೆ" ಎನ್ನುತ್ತಿದ್ದೆ. ಗಿರಾಕಿ ಹೋದ ಮೇಲೆ ಒಳ್ಳೆಯ ಡೈನಮೊವನ್ನೇ ಪೆಟ್ರೋಲಿನಲ್ಲಿ ತೊಳೆದು, ಬೆಳ್ಳಿ ಬಣ್ಣ ಬಳಿದು, ಹೊಸ ತಂತಿ ಸುತ್ತಿದ್ದೇನೆಂದು ವಾಪಸು ಕೊಡುತ್ತಿದ್ದೆ. ನನ್ನ ಒಲೆ ಉರಿದದ್ದು ಅದರಿಂದಲೇ. ಇದನ್ನು ಬರೆಯುವಾಗ ನನಗೆ ನನ್ನ ಮೇಲೇ ಅಸಹ್ಯವಾಗುತ್ತದೆ. ಆಗ ಆಗುತ್ತಿರಲಿಲ್ಲ ಎಂಬುದು ಇನ್ನೂ ಅಸಹ್ಯ.

ಎರಡು ವರ್ಷದ ಹಿಂದಿನ ವಸಂತ. ಮರುಭೂಮಿಯ ಬಿಸಿಗಾಳಿ ಮೂರು ದಿನ ಬೀಸಿ ಓಣಿಯ ಎಣ್ಣೆಯ ಮೇಲೆಲ್ಲ ಮರಳು ಮೆತ್ತಿಕೊಂಡಿತ್ತು. ಬೆಳಿಗ್ಗೆ ಹತ್ತರ ಹೊತ್ತಿಗೆ ಅಬ್ಲಾ ಇನ್ಶಿರಾಹ್ ಕಾರು ತಂದು ಶಹಾತಾನ ಮುಂದೆ ನಿಲ್ಲಿಸಿದಳು. ಅಬ್ಲಾ ಎಂದರೆ ಟೀಚರಮ್ಮ. ಹಳ್ಳಿಯ ಕಡೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳ ಹೇಳಿಕೊಡುತ್ತಾಳೆ. ಮೂರು ವರ್ಷದ ಮಗುವಾಗಿದ್ದಾಗಲೇ ಪೋಲಿಯೋ ಬಂದು ಎರಡೂ ಕಾಲು ಹೋಗಿದ್ದವು. ಅವಳ ಬಿಳಿ ಕಾರಿನಲ್ಲಿ ಬ್ರೇಕು, ಆಕ್ಸಿಲರೇಟರು ಎಲ್ಲ ಕೈಗೇ ಸಿಗುವಂತೆ ಸರಳು ಹಾಕಿಸಿದ್ದರು. ಕಾರು ಬರುವ ಮೊದಲು ಅವಳು ಮೈಕ್ರೊಬಸ್ಸಿನಲ್ಲಿ ಹೋಗುತ್ತಿದ್ದಳು. ಡ್ರೈವರುಗಳು ಅವಳನ್ನು ಈರುಳ್ಳಿ ಮೂಟೆಯಂತೆ ಎತ್ತಿ ಹಾಕುವುದನ್ನು, ಎತ್ತುವ ನೆಪದಲ್ಲಿ ಕೈ ಎಲ್ಲೆಲ್ಲೋ ಹೋಗುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಈ ಕಾರಿಗಾಗಿ ಅವಳು ಸರ್ಕಾರಿ ಕಚೇರಿಗಳ ಮೆಟ್ಟಿಲನ್ನು ನಾಲ್ಕು ವರ್ಷ ಊರುಗೋಲಿನಲ್ಲಿ ಹತ್ತಿದ್ದಳು. ಅಂಥ ಕಾರು ಜೀವಮಾನದಲ್ಲಿ ಇನ್ನೊಂದು ಸಿಗುವುದಿಲ್ಲ. ಇದು ನಿಂತರೆ ಅವಳು ಮತ್ತೆ ಆ ಕೈಗಳಿಗೆ ಸಿಗಬೇಕು, ಇಲ್ಲವೇ ಶಾಲೆ ಬಿಟ್ಟು ಮನೆಯಲ್ಲಿ ಕೂರಬೇಕು.

ಜೊತೆಗೆ ಅವಳ ಅಣ್ಣ ಲುತ್ಫಿ ಬಂದಿದ್ದ. ಜಮೀನು ದಾಖಲೆಯ ಕಚೇರಿಯ ಗುಮಾಸ್ತ. ತಂಗಿಯ ಬಾಯಿಂದ ಬರಬೇಕಾದ ಮಾತನ್ನೆಲ್ಲ ತಾನೇ ಆಡುವ ಜಾತಿಯವನು.

"ಬ್ಯಾಟ್ರಿ ದೀಪ ಕೆಂಪಗೆ ಬರುತ್ತೆ, ಹೋಗುತ್ತೆ. ಏನಾಗಿದೆ ನೋಡು," ಎಂದ ಲುತ್ಫಿ.

"ಹೊಂಡ ಇಳಿದು ಹತ್ತೋವಾಗ ಬರುತ್ತೆ ಉಸ್ತಾ," ಎಂದಳು ಅಬ್ಲಾ.

ಶಹಾತಾ ಉಂಗುರ ತೆಗೆದ. ಮೀಟರು ಹಿಡಿದ. ದೀಪ ಹಾಕಿಸಿದ, ಫ್ಯಾನು ಹಾಕಿಸಿದ. ಎಲ್ಲ ಲೆಕ್ಕಕ್ಕೆ ಸರಿಯಾಗಿ ಬಂತು. "ಡೈನಮೊ ಈಗ ಚೆನ್ನಾಗೇ ಇದೆ. ಆದ್ರೆ ದೀಪ ಬಂದು ಹೋಗ್ತಿದೆ ಅಂದ್ರೆ ಎಲ್ಲೋ ಏನೋ ಸಡಿಲ ಇದೆ. ಹುಡುಕ್ಬೇಕು," ಎಂದ.

"ಎಲ್ಲಿ?"

"ಗೊತ್ತಿಲ್ಲ."

"ಇದೆ ಅಂತೀಯ, ಗೊತ್ತಿಲ್ಲ ಅಂತೀಯ! ಏನಯ್ಯಾ ನೀನು? ವೈರ್ ಕಿತ್ತು ತೋರ್ಸಿಬಿಡು, ಡೈನಮೊ ಬದುಕಿದ್ಯೋ ಸತ್ತಿದ್ಯೋ ನಂಗೂ ಗೊತ್ತಾಗ್ಲಿ."

"ಕೀಳಲ್ಲ ಸಾಹೇಬ್ರೆ."

ಅಷ್ಟು ಸಾಕಾಗಿತ್ತು. ಅತ್ತ ಕಡೆಯಿಂದ ಹಾಜಿ ದಸೂಕಿ ಸ್ಪ್ಯಾನರು ಹಿಡಿದು, ಬೀಜ ಜಗಿಯುತ್ತ, ಮದುವೆಗೆ ಹೊರಟವನ ಗತ್ತಿನಲ್ಲಿ ಬಂದ. ಹಿಂದೆಯೇ ಓಣಿಯ ಜನವೆಲ್ಲ ಬಂತು. ಬಾನೆಟ್ಟಿನ ಸುತ್ತ ಕಾಲಿಡಲು ಜಾಗ ಇರಲಿಲ್ಲ. ಶಹಾತಾ ಬ್ಯಾಟರಿಯ ಮೇಲೆ ಅಂಗೈ ಇಟ್ಟು ನಿಂತ.

"ಕೈ ತೆಗಿ ಮಾರಾಯಾ," ಎಂದ ಹಾಜಿ. "ಅದೇನ್ ನಿನ್ನ ಹೆಂಡ್ತಿ ಕೆನ್ನೇನಾ, ಸವರ್ತಾ ನಿಂತಿದ್ದೀಯ?"

ಜನ ನಕ್ಕರು. ನಾನೂ ನಕ್ಕೆ.

ಶಹಾತಾ ಹಾಜಿಯ ಮುಖ ನೋಡದೆ ಕಾರಿನ ಗಾಜಿನ ಕಡೆ ಬಗ್ಗಿ, "ಅಬ್ಲಾ, ಕಾರು ನಿಮ್ದು. ನೀವು ಹೇಳಿ," ಎಂದ.

"ಅವ್ಳನ್ನೇನ್ ಕೇಳ್ತೀಯ? ಅವ್ಳಿಗೇನ್ ಗೊತ್ತಾಗುತ್ತೆ?" ಎಂದ ಲುತ್ಫಿ.

ಅವಳು ಅಣ್ಣನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. "ಕಿತ್ರೆ ಏನಾಗುತ್ತೆ ಉಸ್ತಾ?" ಎಂದು ಕೇಳಿದಳು.

"ಡೈನಮೊ ಒಂದೇ ಸಮ ಕರೆಂಟ್ ಕೊಡಲ್ಲ ಅಬ್ಲಾ, ಏರುತ್ತೆ, ಇಳಿಯುತ್ತೆ. ಆ ಏರಿದ್ದನ್ನ ನುಂಗೋದು ಬ್ಯಾಟ್ರಿ. ಓಡ್ತಿರೋವಾಗ ಅದನ್ನ ಕಿತ್ತುಬಿಟ್ರೆ ಏರಿದ್ದು ಸಿಕ್ಕಿದ ಕಡೆ ನುಗ್ಗುತ್ತೆ. ಇಂಜಿನ್ ಕಂಪ್ಯೂಟರ್ ಸುಟ್ಟುಹೋಗ್ಬಹುದು."

"ಹೋಗ್ಬಹುದಾ, ಹೋಗೇ ಹೋಗುತ್ತಾ?"

ಇಲ್ಲಿ ಒಂದು ಸುಳ್ಳು ಹೇಳಿದ್ದರೆ ಗೆದ್ದುಬಿಡುತ್ತಿದ್ದ. ಸುಟ್ಟೇ ಹೋಗುತ್ತೆ ಎಂದಿದ್ದರೆ ಲುತ್ಫಿಯ ಬಾಯಿ ಕೂಡ ಮುಚ್ಚುತ್ತಿತ್ತು. ಈ ಮನುಷ್ಯನ ಬಾಯಿಗೆ ಅದು ಬರುವುದಿಲ್ಲ.

"ಹತ್ತು ಸಲದಲ್ಲಿ ಒಂಬತ್ತು ಸಲ ಏನೂ ಆಗಲ್ಲ," ಎಂದ.

ಜನ ಹೋ ಎಂದು ನಕ್ಕಿತು. ಹಾಜಿ ಎರಡೂ ಕೈ ಮೇಲೆತ್ತಿ, "ಕೇಳಿದ್ರಾ! ಅವನ ಬಾಯಿಂದಾನೇ ಬಂತು!" ಎಂದ.

"ಹತ್ತನೇ ಸಲ?" ಎಂದಳು ಅವಳು.

"ಹತ್ತನೇದು ಯಾರ ಕಾರು ಅಂತ ನಂಗೆ ಗೊತ್ತಿಲ್ಲ ಅಬ್ಲಾ."

"ಇಂಜಿನ್ ನಿಂತಿರೋವಾಗ ಕಿತ್ರೆ?"

"ಆಗ ಎಷ್ಟು ಸಲ ಬೇಕಾದ್ರೂ ಬಿಚ್ಚಿ, ಹಾಕಿ. ಏನೂ ಆಗಲ್ಲ."

ಅವಳು ತಲೆಯಾಡಿಸಿದಳು.  ಅಣ್ಣನ ಕಡೆ ತಿರುಗಿ, "ಬೇಡ ಕಣೋ ಲುತ್ಫಿ. ಇವ್ರು ಹುಡುಕ್ಲಿ ಬಿಡು. ನಂಗೆ ಆತ್ರ ಇಲ್ಲ," ಎಂದಳು.

"ನೀನು ಸುಮ್ನೆ ಕೂತ್ಕೋ. ಇದು ಗಂಡಸ್ರ ಕೆಲ್ಸ," ಎಂದು ಲುತ್ಫಿ ಶಹಾತಾನ ಭುಜ ಹಿಡಿದು ಪಕ್ಕಕ್ಕೆ ನೂಕಿದ. ಇಸ್ತ್ರಿ ಮಾಡಿದ ಅಂಗಿಯ ಮೇಲೆ ಐದು ಬೆರಳಿನ ಗುರುತು ಬಿತ್ತು. ಶಹಾತಾ ಮತ್ತೆ ಮುಂದೆ ಬಂದ. ಈ ಸಲ ಇಬ್ಬರು ಮೂವರು ಸೇರಿ ಅವನನ್ನು ಹಿಂದಕ್ಕೆ ಎಳೆದರು.

ಅವಳು ಕಾರಿನಿಂದ ಇಳಿದು ತಡೆಯುವ ಹಾಗಿರಲಿಲ್ಲ. ಊರುಗೋಲು ಹಿಂದಿನ ಸೀಟಿನಲ್ಲಿತ್ತು. ಬಾಗಿಲಿಗೆ ಜನ ಒತ್ತಿಕೊಂಡು ನಿಂತಿತ್ತು. ನಾನು ಐದು ಹೆಜ್ಜೆ ದೂರದಲ್ಲಿ, ನನ್ನ ಬಾಗಿಲಲ್ಲಿ, ಕೈಯಲ್ಲಿ ಚಹಾದ ಲೋಟ ಹಿಡಿದು ನಿಂತಿದ್ದೆ. ಎಲ್ಲ ಗೊತ್ತಿತ್ತು ನನಗೆ. ಕುವೈತಿನವನ ಕಾರಿನ ದೀಪ ಬೆಳ್ಳಗೆ ಉರಿದದ್ದು ಕಣ್ಣಿಗೆ ಕಟ್ಟಿತ್ತು. "ಬಿಡು ಹಾಜಿ" ಎಂದು ಎರಡು ಮಾತು ಆಡಿದ್ದರೆ ಸಾಕಿತ್ತು, ನನ್ನ ಮಾತಿಗೆ ಆಗ ಬೆಲೆ ಇತ್ತು. ನಾನು ಏನು ಮಾಡಿದೆ ಗೊತ್ತೆ? ಚಹಾಕ್ಕೆ ಸಕ್ಕರೆ ಕಡಿಮೆ ಆಗಿದೆ ಎಂದು ಚಮಚ ಹುಡುಕಿದೆ.

ಪಕ್ಕದಲ್ಲಿ ತಗಡು ಬಡಿಯುವವನ ಸುತ್ತಿಗೆ ನಿಂತಿರಲಿಲ್ಲ. ಕಾರು ಅಷ್ಟು ಹೊತ್ತು ಬಿಸಿಲಲ್ಲಿ ಚಾಲೂ ಇದ್ದದ್ದಕ್ಕೆ ಅದರ ನೀರು ತಂಪು ಮಾಡುವ ಫ್ಯಾನು ಭರ್ರೋ ಎಂದು ತಿರುಗುತ್ತಿತ್ತು. ಹಾಜಿ ನಟ್ಟು ಸಡಿಲಿಸಿದ. ಒಂದು ಸಿಪ್ಪೆ ಉಗಿದ. ಜನದ ಕಡೆ ತಿರುಗಿ ಅಂಗೈಗೆ ಉಗಿದುಕೊಂಡ. "ದೇವ್ರೇ, ಸಲೀಸು ಮಾಡಪ್ಪಾ!" ಎಂದು ವೈರನ್ನು ಕಿತ್ತು ತಲೆಯ ಮೇಲೆ ಎತ್ತಿ ಹಿಡಿದ.

ಭರ್ರೋ ಎನ್ನುತ್ತಿದ್ದದ್ದು ಥಟ್ಟನೆ ನಿಂತಿತು. ಕಾರು ತಣ್ಣಗಾಯಿತು.

"ಸತ್ತಿದೆ!" ಎಂದ ಹಾಜಿ. "ನೋಡಿದ್ರಲ್ಲ ಎಲ್ರೂ! ಬ್ಯಾಟ್ರಿ ತೆಗೆದಿದ್ದೇ ತಡ, ಹೆಣ! ಇವನು ಮೀಟರ್ ಹಿಡ್ಕೊಂಡು ಚೆನ್ನಾಗಿದೆ, ಚೆನ್ನಾಗಿದೆ ಅಂತಿದ್ದ. ಅಯ್ಯೂಬ್! ಬಾರಯ್ಯ ಇಲ್ಲಿ, ಮೂಸು."

ಜನ ನನಗೆ ದಾರಿ ಬಿಟ್ಟಿತು. ನಾನು ಲೋಟ ಕೆಳಗಿಟ್ಟು ಹೋದೆ. ಬಗ್ಗಿ ಡೈನಮೊದ ಹತ್ತಿರ ಮೂಗು ಒಯ್ದೆ. ಬಿಸಿ ರಬ್ಬರು, ಮರಳು, ಹಳೆಯ ಎಣ್ಣೆ, ಹಾಜಿ ಉಗಿದ ಬೀಜದ ಉಪ್ಪು ಉಪ್ಪು ವಾಸನೆ. ಸುಟ್ಟ ವಾಸನೆ ಒಂದಿಷ್ಟೂ ಇರಲಿಲ್ಲ. ತಲೆಯೆತ್ತಿದಾಗ ಶಹಾತಾನನ್ನು ಇಬ್ಬರು ಹಿಡಿದುಕೊಂಡಿದ್ದರು. ಅವನು ನನ್ನನ್ನೇ ನೋಡುತ್ತಿದ್ದ. ಹಾಜಿಯೂ ನೋಡುತ್ತಿದ್ದ.

"ಸುಟ್ಟಿದೆ," ಎಂದೆ.

"ಉಸ್ತಾ ಅಯ್ಯೂಬ್, ಸರಿಯಾಗಿ ಮೂಸಿ ನೋಡಿದ್ರಾ?" ಒಳಗಿನಿಂದ ಅಬ್ಲಾಳ ದನಿ ಬಂತು. ತರಗತಿಯಲ್ಲಿ ಮಕ್ಕಳನ್ನು ಕೇಳುವ ದನಿ.

"ನೋಡ್ದೆ ಅಬ್ಲಾ. ಪೂರ್ತಿ ಸುಟ್ಟಿದೆ."

"ನೀವು ಹಾಜೀ? ಇಂಜಿನ್ ನಿಂತಿದ್ದು ವೈರ್ ಕಿತ್ತಾಗಲೇ ತಾನೆ?"

"ಇಡೀ ಓಣಿ ನೋಡಿದೆ ಮಗಳೇ!"

ಅವಳು ಗಾಜಿನಿಂದ ಕೈ ಹೊರಗೆ ಚಾಚಿ ಅಂಗೈ ಬಿಚ್ಚಿದಳು. ಕಾರಿನ ಕೀ ಅಲ್ಲಿತ್ತು.

"ನೀವು ಅಂಗೈಗೆ ಉಗೀತಿದ್ರಲ್ಲ, ಆಗ್ಲೇ ಆಫ್ ಮಾಡ್ದೆ. ಇಂಜಿನ್ ನಿಂತ ಮೇಲೂ ಈ ಕಾರಿನ ಫ್ಯಾನು ಸ್ವಲ್ಪ ಹೊತ್ತು ಓಡುತ್ತೆ. ಭರ್ರೋ ಅಂತಿದ್ದದ್ದು ಅದು. ನೀವು ಕಿತ್ತಿದ್ದಕ್ಕೆ ನಿಂತಿದ್ದೂ ಅದೇ. ನಿಂತ ಇಂಜಿನ್ ಮುಂದೆ ಡೈನಮೊ ಸತ್ತಿದೆ ಅಂತ ತೀರ್ಪು ಕೊಟ್ರಿ. ಇವ್ರು ಮೂಸಿ ಸುಟ್ಟಿದೆ ಅಂದ್ರು."

ತಗಡು ಬಡಿಯುವವನ ಸುತ್ತಿಗೆಯೂ ಆ ಹೊತ್ತಿಗೆ ನಿಂತಿತು. ಯಾರೋ ಕಿಸಕ್ಕೆಂದ. ಹಾಜಿಯ ಕೈ ವೈರನ್ನು ಹಿಡಿದು ಇನ್ನೂ ಮೇಲೆಯೇ ಇತ್ತು. "ಅದು... ಆಫ್ ಮಾಡಿದ್ರೂ... ಮೊದ್ಲೇ ಕಾಯಿಲೆ..." ಎಂದು ಏನೋ ಒದರಿದ. ಲುತ್ಫಿ ಕಾಲಿನ ಹತ್ತಿರದ ಮರಳನ್ನು ನೋಡುತ್ತಿದ್ದ. ನನ್ನನ್ನು ಯಾರೂ ನೋಡಲಿಲ್ಲ. ಅದು ಬೈದದ್ದಕ್ಕಿಂತ ಹೆಚ್ಚಾಗಿತ್ತು.

"ಲುತ್ಫಿ, ಬಾನೆಟ್ಟಿಂದ ದೂರ ಬಾ," ಎಂದಳು ಅವಳು. "ಉಸ್ತಾ ಶಹಾತಾ, ನಿಮಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಹುಡುಕಿ."

ಶಹಾತಾ ಹಿಡಿದವರ ಕೈ ಬಿಡಿಸಿಕೊಂಡು ಬಂದ. ಬೆವರಿನ ಕೈಯನ್ನು ಬಟ್ಟೆಗೆ ಒರೆಸಿಕೊಂಡ. ವೈರನ್ನು ಮತ್ತೆ ಜೋಡಿಸಿ ನಟ್ಟು ಬಿಗಿದ. ಮುಕ್ಕಾಲು ಗಂಟೆ ಹುಡುಕಿದ. ಡೈನಮೊದ ಬೆನ್ನಿಗೆ ಸಿಕ್ಕಿಸುವ ಒಂದು ಸಣ್ಣ ಪ್ಲಗ್ಗಿನ ಕೊಂಡಿ ಮುರಿದಿತ್ತು. ಒಳಗೆ ಹಸಿರು ಕಿಲುಬು ಹಿಡಿದಿತ್ತು. ಹೊಂಡ ಬಂದಾಗಲೆಲ್ಲ ಅದು ಅಲುಗಾಡುತ್ತಿತ್ತು. ಅಷ್ಟೇ ಕಾಯಿಲೆ. ಕೆರೆದು, ಒರೆಸಿ, ಬಿಗಿಯಾಗಿ ಕಟ್ಟಿದ. ಮತ್ತೆ ಚಾಲೂ ಮಾಡಿಸಿ ಮೀಟರು ಹಿಡಿದು ಪ್ಲಗ್ಗನ್ನು ಅಲ್ಲಾಡಿಸಿದ. ಮುಳ್ಳು ಕದಲಲಿಲ್ಲ. ಅವಳು ಗಾಜಿನಿಂದ ಕತ್ತು ಚಾಚಿ ಮೀಟರನ್ನು ತಾನೇ ಓದಿ, "ಹದಿನಾಲ್ಕು," ಎಂದಳು. ಆಮೇಲೆ ಅಣ್ಣನನ್ನು ಕೂರಿಸಿಕೊಂಡು ಹೋದಳು.

ಓಣಿ ಬುದ್ಧಿ ಕಲಿಯಿತು ಎಂದುಕೊಂಡಿರೇನು? ಒಂದು ವಾರ ನಕ್ಕರು, ಆಮೇಲೆ ಮರೆತರು. ಹಾಜಿ ಒಂದನ್ನು ಮಾತ್ರ ಕಲಿತ. ಈಗ ವೈರ್ ಕೀಳುವ ಮೊದಲು ಗಿರಾಕಿಯನ್ನು ಕೆಳಗಿಳಿಸಿ ತನ್ನ ಕಡೆಯವನನ್ನು ಸೀಟಿನಲ್ಲಿ ಕೂರಿಸುತ್ತಾನೆ. ಬೀಜ ಜಗಿಯುವುದು ಅದೇ, ಉಗಿಯುವುದು ಅದೇ, ಸುತ್ತ ನಿಂತು ಬಾಯಿ ಬಿಡುವವರೂ ಅವರೇ. ಹೇಸಿಗೆ.

ನನಗೆ ಹಾಜಿಯಿಂದ ಮತ್ತೆ ಕರೆ ಬಂದದ್ದು ಹತ್ತು ದಿನದ ಮೇಲೆ. "ಅಯ್ಯೂಬ್, ಬಾ, ಮೂಸು."  ಇನ್ನು ಸುಳ್ಳು ಹೇಳುವುದಿಲ್ಲ ಎಂದು ಹೇಳಬೇಕಿತ್ತು. ಅಷ್ಟು ಧೈರ್ಯ ಎಲ್ಲಿಂದ ಬರಬೇಕು? "ನೆಗಡಿ ಆಗಿದೆ ಹಾಜಿ, ವಾಸ್ನೆ ಗೊತ್ತಾಗ್ತಿಲ್ಲ," ಎಂದೆ. ಮುಂದಿನ ಸಲವೂ ನೆಗಡಿ ಎಂದೆ. ಎರಡು ವರ್ಷ ಆಯಿತು. ಡೈನಮೊಗಳು ಈಗ ಸ್ಟೇಷನ್ನಿನ ಹತ್ತಿರದ ಇನ್ನೊಬ್ಬನ ಬಳಿಗೆ ಹೋಗುತ್ತವೆ. ನಾನು ನೀರೆತ್ತುವ ಪಂಪು, ಟೇಬಲ್ ಫ್ಯಾನು ಸುತ್ತಿಕೊಂಡು ಇದ್ದೇನೆ.

ಶಹಾತಾ ಆ ದಿನದ ಬಗ್ಗೆ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಆದರೆ ನೆಗಡಿಯ ಸುದ್ದಿ ಅವನ ಕಿವಿಗೂ ಬಿದ್ದಿತ್ತು. ಅಂದಿನಿಂದ ದಿನಾ ಬೆಳಿಗ್ಗೆ ತನ್ನ ಅಂಗಡಿ ತೆಗೆಯುವ ಮೊದಲು ನನ್ನ ಬಾಗಿಲಲ್ಲಿ ನಿಲ್ಲುತ್ತಿದ್ದ. ನಗುತ್ತಿರಲಿಲ್ಲ. ರೋಗಿಯನ್ನು ವಿಚಾರಿಸುವವನ ಹಾಗೆಯೇ ಕೇಳುತ್ತಿದ್ದ.

"ನೆಗಡಿ ಹೇಗಿದೆ ಉಸ್ತಾ?"

"ಇನ್ನೂ ಇದೆ," ಎನ್ನುತ್ತಿದ್ದೆ.

"ದೇವ್ರು ಗುಣ ಮಾಡ್ಲಿ," ಎಂದು ಹೋಗುತ್ತಿದ್ದ. ಎರಡು ವರ್ಷ, ರಜೆಯ ಶುಕ್ರವಾರ ಬಿಟ್ಟು ದಿನಾ. ಹೊಡೆದಿದ್ದರೆ ಒಂದೇ ದಿನಕ್ಕೆ ಮುಗಿಯುತ್ತಿತ್ತು.

ಕಳೆದ ಬುಧವಾರ ಸ್ಟೇಷನ್ನಿನ ಹತ್ತಿರದವನು ಅಂಗಡಿ ಮುಚ್ಚಿ ಯಾರದೋ ಮಣ್ಣಿಗೆ ಹೋಗಿದ್ದ. ಹಾಜಿ ಒಬ್ಬ ಮೈಕ್ರೊಬಸ್ ಡ್ರೈವರನನ್ನು ಕರೆದುಕೊಂಡು ನನ್ನ ಹತ್ತಿರವೇ ಬಂದ. ಡ್ರೈವರನ ಕೈಯಲ್ಲಿ ಬಿಚ್ಚಿದ ಡೈನಮೊ, ಮುಖದಲ್ಲಿ ಮನೆಯಲ್ಲಿ ಯಾರೋ ಸತ್ತ ಕಳೆ. ಹಾಜಿ ಅವನ ಬೆನ್ನ ಹಿಂದೆ ನಿಂತು, "ಇವತ್ತಾದ್ರೂ ಮೂಗು ಬಿಟ್ಟಿದ್ಯಾ? ಮೂಸಿ ಹೇಳಯ್ಯಾ," ಎಂದ.

ಮೂಸಿದೆ. ಎಣ್ಣೆ, ಧೂಳು. ಅಷ್ಟೇ.

"ಸುಟ್ಟಿಲ್ಲ," ಎಂದೆ.  "ಚೆನ್ನಾಗಿದೆ ಇದು. ವಾಪಸ್ ಕೂರಿಸ್ಕೊಂಡು ಎದುರುಗಡೆ ಶಹಾತಾ ಹತ್ರ ಹೋಗಿ ಮೀಟರ್ ಹಿಡಿಸು."

ಡ್ರೈವರ್ ತಿರುಗಿ ಹಾಜಿಯನ್ನು ನೋಡಿದ.  ಹಾಜಿ ಸಿಪ್ಪೆಯನ್ನು ನನ್ನ ಹೊಸಿಲ ಮೇಲೆ ಉಗಿದು, "ಎರಡ್ ವರ್ಷದಿಂದ ನೆಗಡಿ ಅಂತ ಅಳ್ತಿರೋ ಮೂಗಪ್ಪಾ ಇದು. ಓಣಿಯಲ್ಲಿ ಯಾರನ್ನ ಬೇಕಾದ್ರೂ ಕೇಳು. ಇವನ ಮಾತು ನಂಬ್ತೀಯಾ?" ಎಂದ.

ಡ್ರೈವರ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಡೈನಮೊವನ್ನು ಎತ್ತಿಕೊಂಡು ಹಾಜಿಯ ಹಿಂದೆ ಹೋದ. ನನ್ನ ಜೀವಮಾನದಲ್ಲಿ ಹಾಜಿಗೆ ಎದುರಾಗಿ ಆ ಮೇಜಿನ ಮುಂದೆ ಆಡಿದ ಒಂದೇ ಒಂದು ನಿಜ ಹೀಗೆ ಕಸಕ್ಕೆ ಹೋಯಿತು. ಎದುರಂಗಡಿಯಲ್ಲಿ ಶಹಾತಾ ಯಾವುದೋ ಟ್ಯಾಕ್ಸಿಯ ಬಾನೆಟ್ಟಿನೊಳಗೆ ತಲೆ ಹಾಕಿದ್ದ. ಎತ್ತಲಿಲ್ಲ. ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ.

ಮರುದಿನ ಬೆಳಿಗ್ಗೆ ಬಾಗಿಲು ತೆಗೆದು ಕುಳಿತೆ. ಅದೇ ವಾಕರಿಕೆ, ಅದೇ ಕಾಲುವೆಯ ನಾತ. ಶಹಾತಾ ಇಸ್ತ್ರಿಯ ಅಂಗಿಯಲ್ಲಿ, ಮೀಟರಿನ ಚೀಲ ಎದೆಗೊತ್ತಿಕೊಂಡು ಬಂದ. ನನ್ನ ಬಾಗಿಲಲ್ಲಿ ನಿಂತ. "ಇನ್ನೂ ಇದೆ" ಎನ್ನಲು ನನ್ನ ಬಾಯಿ ಆಗಲೇ ತೆರೆದಿತ್ತು.

"ಚಹಾ ಆಯ್ತಾ ಉಸ್ತಾ?" ಎಂದ. ನೆಗಡಿಯ ಮಾತೆತ್ತಲಿಲ್ಲ.